ತುಪ್ಪ ಒಲಿ ಮ್ಯಾಲ ಇಟ್ಟಿದ್ರೇನ್ರಿ?

ಮನೆಯಲ್ಲಿ ಕಲಸಿ ಒಯ್ದ ಹಿಟ್ಟನ್ನು ಬೇಯಿಸಿಕೊಡುವ ಕಟ್ಟಿಗೆ ಭಟ್ಟಿಯ ಚಾಚಾ ನನ್ನ ಡಬ್ಬಿಯ ಮುಚ್ಚಳ ತೆಗೆದರು, ನಾನಖಟಾಯಿ ಬಿಸ್ಕೀಟಿನ ಹಿಟ್ಟಿಗೆ ಹೆಬ್ಬೆರಳು ಒತ್ತಿದರು, ಬಿದ್ದ ಗುಳಿಯನ್ನು ಒಂದು ಕ್ಷಣ ನೋಡಿದರು. ಆಮೇಲೆ ಕೇಳಿದ್ದು ಇಷ್ಟೇ: "ತುಪ್ಪ ಒಲಿ ಮ್ಯಾಲ ಇಟ್ಟಿದ್ರೇನ್ರಿ?"

ರುಚಿ ನೋಡಲಿಲ್ಲ, ಮೂಸಲಿಲ್ಲ, ಅಳತೆ ಕೇಳಲಿಲ್ಲ. ಗುಳಿಯ ಅಂಚು ಮಿರಮಿರ ಮಿಂಚುತ್ತಿತ್ತು, ಬೆರಳಿಗೆ ಜಿಡ್ಡು ಹತ್ತಿತ್ತು, ಅಷ್ಟೇ. ನಾನು "ಹೌದ್ರಿ" ಅಂದೆ. ಸೋಮವಾರದಿಂದ ಆ ಹೆಬ್ಬೆರಳು ಕಣ್ಣ ಮುಂದೆಯೇ ಇದೆ.

ಅಳತೆಯಲ್ಲಿ ತಪ್ಪಿರಲಿಲ್ಲ. ಮೈದಾ 750 ಗ್ರಾಂ, ಕಡಲೆ ಹಿಟ್ಟು 150, ಚಿರೋಟಿ ರವೆ 100, ಒಟ್ಟು ಒಂದು ಕಿಲೋ. ಅದಕ್ಕೆ ಅರ್ಧ ಕಿಲೋ ಪುಡಿ ಸಕ್ಕರೆ, ಅರ್ಧ ಕಿಲೋ ತುಪ್ಪ, ಒಂದು ಸಣ್ಣ ಚಮಚ ಸೋಡಾ, ಚಿಟಿಕೆ ಉಪ್ಪು, ಏಲಕ್ಕಿ. ಇಪ್ಪತ್ತೈದು ಗ್ರಾಂ ಉಂಡೆ ಕಟ್ಟಿದರೆ ಎಂಬತ್ತರ ಸುಮಾರು ಬೀಳುತ್ತವೆ. ಕೆಟ್ಟದ್ದು ತುಪ್ಪದ ಹದ. ಬೀದರಿನ ಡಿಸೆಂಬರ್ ಮುಂಜಾನೆ ತುಪ್ಪದ ಬರಣಿ ಕಲ್ಲಾಗಿ ಕೂತಿರುತ್ತದೆ, ಚಮಚ ಹಾಕಿದರೆ ಚಮಚವೇ ಬಾಗುತ್ತದೆ. ಕ್ರಿಸ್ಮಸ್ಸಿಗೆ ಮನೆ ತುಂಬ ಜನ, ಹೊತ್ತಿಲ್ಲ. ಬರಣಿಯನ್ನು ಒಲೆಯ ಮೇಲಿಟ್ಟು ಎರಡು ನಿಮಿಷದಲ್ಲಿ ನೀರು ಮಾಡಿ ಸುರಿಯುವುದೇ ಸುಲಭ.

ನಾನಖಟಾಯಿ ನಿಲ್ಲುವುದು ಹೆಪ್ಪಾದ ತುಪ್ಪದ ಬಲದ ಮೇಲೆ. ಗಟ್ಟಿ ತುಪ್ಪವನ್ನು ಪುಡಿ ಸಕ್ಕರೆಯೊಂದಿಗೆ ಪರಾತಿನಲ್ಲಿ ಅಂಗೈಯಿಂದ ಹತ್ತು ನಿಮಿಷ ತಿಕ್ಕಿದರೆ ಅದು ಬೆಳ್ಳಗಾಗಿ ಉಬ್ಬುತ್ತದೆ. ಉಬ್ಬಿದಷ್ಟೂ ಒಳಗೆ ಗಾಳಿ ಸೇರಿದೆ ಎಂದರ್ಥ. ಆ ಗಾಳಿಯೇ ಬಿಸ್ಕೀಟನ್ನು ಹಗುರ ಮಾಡುವುದು. ಭಟ್ಟಿಯೊಳಗೆ ಹೋದ ಮೇಲೂ ಗಟ್ಟಿ ತುಪ್ಪ ನಿಧಾನಕ್ಕೆ ಕರಗುತ್ತದೆ, ಅಷ್ಟರಲ್ಲಿ ಮೇಲ್ಮೈ ಬಿಗಿದು ಆಕಾರ ಉಳಿಯುತ್ತದೆ. ಕರಗಿದ ತುಪ್ಪದಲ್ಲಿ ಗಾಳಿ ನಿಲ್ಲುವುದಿಲ್ಲ. ಬಿಸಿ ತಗುಲಿದ ಕೂಡಲೇ ಹಿಟ್ಟು ಜಾರಿ ಹರಡುತ್ತದೆ. ಸಕ್ಕರೆ ಪುಡಿ ಮಾಡದೆ ಕಾಳುಕಾಳೇ ಹಾಕಿದರೂ ಹರಡುತ್ತದೆ, ಸೋಡಾ ಹೆಚ್ಚಾದರೂ ಹರಡುತ್ತದೆ. ಸೋಡಾ ಹೆಚ್ಚಾದದ್ದು ಸಾಬೂನಿನ ವಾಸನೆಯಿಂದ ಗೊತ್ತಾಗುತ್ತದೆ, ಬಣ್ಣವೂ ಬೇಗ ಕೆಂಪಾಗುತ್ತದೆ.

ಚಾಚಾ ವಾದ ಮಾಡುವವರಲ್ಲ. "ನಾಕು ಇಟ್ಟು ನೋಡಮ್ರಿ" ಅಂದು ಬೇರೆಯವರ ಟ್ರೇಯ ಮೂಲೆಯಲ್ಲಿ ನಾಲ್ಕು ಉಂಡೆ ಇಟ್ಟರು. ಅದಕ್ಕೂ ಮೊದಲು ಚಿಟಿಕೆ ಮೈದಾವನ್ನು ಭಟ್ಟಿಯ ನೆಲಕ್ಕೆ ಎಸೆದರು. ಹಿಟ್ಟು ಬಿದ್ದ ಕೂಡಲೇ ಕಪ್ಪಾದರೆ ಇನ್ನೂ ಪಾವ್ ಬ್ರೆಡ್ಡು ಬೇಯುವ ಬಿಸಿ, ನಿಧಾನಕ್ಕೆ ಕಂದಾದರೆ ಬಿಸ್ಕೀಟಿಗೆ ಸರಿ. ಕಟ್ಟಿಗೆ ಭಟ್ಟಿಯಲ್ಲಿ ಮೊದಲು ಪಾವು, ಬ್ರೆಡ್ಡು. ಬಿಸಿ ಇಳಿಯುತ್ತಾ ಬಂದಂತೆ ಬಿಸ್ಕೀಟು, ಕೊನೆಗೆ ರಾತ್ರಿಯಿಡೀ ಟೋಸ್ಟು ಒಣಗುವುದು. ನಮ್ಮಂಥವರ ಡಬ್ಬಿಗಳಿಗೆ ಸರದಿ ಬರುವುದು ಮಧ್ಯಾಹ್ನ ದಾಟಿದ ಮೇಲೆ. ಬೆಳಿಗ್ಗೆ ಎಂಟಕ್ಕೇ ಬಂದು "ಜಲ್ದಿ ಮಾಡಿ ಕೊಡ್ರಿ" ಎಂದು ಗದ್ದಲ ಮಾಡುವವರಿಗೆ ಭಟ್ಟಿ ಅಂದರೆ ಏನೆಂದೇ ಗೊತ್ತಿಲ್ಲ.

ಇಪ್ಪತ್ತು ನಿಮಿಷಕ್ಕೆ ಆ ನಾಲ್ಕೂ ಒಂದಕ್ಕೊಂದು ಕೂಡಿ ರೊಟ್ಟಿಯಾಗಿ ಬಂದವು. ಸಾಲಿನಲ್ಲಿ ನಿಂತಿದ್ದ ಮಂಗಲಪೇಟೆಯ ಹೆಣ್ಣುಮಗಳೊಬ್ಬಳು ನಕ್ಕಳು. ನಕ್ಕು ಒಂದು ತುಂಡು ಮುರಿದು ಬಾಯಿಗೂ ಹಾಕಿಕೊಂಡಳು. "ರುಚಿ ಛಲೋ ಅದ ಬಿಡ್ರಿ" ಅಂದಳು. ಅದು ಸಮಾಧಾನವೋ ಚೇಷ್ಟೆಯೋ ಇನ್ನೂ ತಿಳಿದಿಲ್ಲ.

ಉಳಿದ ಹಿಟ್ಟನ್ನು ಚಾಚಾ ಬಿಸಾಡಲು ಬಿಡಲಿಲ್ಲ. ಕಿಲೋ ಹಿಟ್ಟಿನ ಲೆಕ್ಕಕ್ಕೆ ಎರಡು ಹಿಡಿ ಮೈದಾ ಉದುರಿಸಿ, ನಾದದೆ, ಬೆರಳ ತುದಿಯಿಂದಷ್ಟೇ ಕೂಡಿಸಿದರು. ನಾದಿದರೆ ತುಪ್ಪ ಬಿಡುತ್ತದೆ, ಬಿಸ್ಕೀಟು ಬಿರುಸಾಗುತ್ತದೆ. ಡಬ್ಬಿಯನ್ನು ನೆರಳಿನ ಕಟ್ಟೆಯ ಮೇಲೆ ಒಂದೂವರೆ ತಾಸು ಇಟ್ಟರು. ಬೆಳಿಗ್ಗೆ ತುಪ್ಪವನ್ನು ಕಲ್ಲು ಮಾಡಿದ್ದ ಥಂಡಿಯೇ ಈಗ ಹಿಟ್ಟನ್ನು ಬಿಗಿ ಮಾಡಿತು. ಉಂಡೆ ತುಸು ಸಣ್ಣದು, ತುಸು ಎತ್ತರ, ಮೇಲೆ ಒತ್ತದೆ, ನಡುವೆ ಎರಡು ಬೆರಳು ಜಾಗ. ಬಂದದ್ದು ನೆತ್ತಿಯ ಮೇಲೆ ಬಿರುಕುಬಿಟ್ಟ ನಾನಖಟಾಯಿಯೇ, ಆದರೆ ಸ್ವಲ್ಪ ಗಟ್ಟಿ. ಮನೆಯ ಓವನ್ನಿನಲ್ಲಾದರೆ 160 ಡಿಗ್ರಿ, 18ರಿಂದ 20 ನಿಮಿಷ. ಬಿಸಿ ಇರುವಾಗ ಮೆತ್ತಗಿರುತ್ತದೆ, ಆರಿದ ಮೇಲೆ ಬಿಗಿಯುತ್ತದೆ. ಮೆತ್ತಗಿದೆ ಎಂದು ಮತ್ತೆ ಒಳಗಿಟ್ಟರೆ ತಳ ಸುಟ್ಟಿತು ಅಂತಲೇ ಲೆಕ್ಕ.

ಮನೆಗೆ ಬಂದರೆ ಪುಣೆಯಿಂದ ಬಂದ ನಾದಿನಿ ಫೋನು ಹಿಡಿದು, "ಇದರಾಗ ಮೆಲ್ಟೆಡ್ ಘೀ ಅಂತನೇ ಹೇಳ್ಯಾರ ನೋಡ್ರಿ ವೈನಿ" ಅಂದಳು. ಆ ವಿಡಿಯೊದಲ್ಲಿ ಹಿಟ್ಟೂ ಕಪ್ ಲೆಕ್ಕ. ಒಂದು ಕಪ್ ಮೈದಾ ಜರಡಿ ಹಿಡಿದು ತುಂಬಿದರೆ 120 ಗ್ರಾಂ, ಡಬ್ಬಿಯೊಳಗೆ ಕಪ್ಪನ್ನೇ ಅದ್ದಿ ತುಂಬಿದರೆ 150. ನಾಲ್ಕು ಕಪ್ಪಿಗೆ 120 ಗ್ರಾಂ ವ್ಯತ್ಯಾಸ. ಸಣ್ಣ ತಕ್ಕಡಿ ತಗೋ ಅಂದರೆ ಅವಳಿಗೆ ಅದು ಕಿರಾಣಿ ಅಂಗಡಿಯ ಸಾಮಾನು. ಚಾಚಾ ಕೂಡ ತಕ್ಕಡಿ ಮುಟ್ಟಲಿಲ್ಲವಲ್ಲ ಅಂತಾಳೆ. ಖರೆ. ಆದರೆ ಆ ಹೆಬ್ಬೆರಳಿಗೆ ಎಷ್ಟು ವರ್ಷ ಹಿಡಿದಿದೆ ಅಂತ ಇವಳು ಕೇಳುವುದಿಲ್ಲ.

ಆ ಗುಳಿ ನೆನಪಾದಾಗಲೆಲ್ಲ ಕ್ರಿಸ್ಮಸ್ ಕೇಕಿನ ಚಿಂತೆ ಹತ್ತುತ್ತದೆ. ಅಲ್ಲಿಯೂ ಥಂಡಿಯದೇ ಕಾಟ. ಆರಿಂಚಿನ ಡಬ್ಬಿಗೆ ಬೆಣ್ಣೆ 125 ಗ್ರಾಂ, ಸಕ್ಕರೆ 100, ಮೈದಾ 125, ಎರಡು ತತ್ತಿ, ಅರ್ಧ ಚಮಚ ಬೇಕಿಂಗ್ ಪೌಡರ್, ನೆನೆಸಿದ ದ್ರಾಕ್ಷಿ, ಖರ್ಜೂರ, ಟೂಟಿ ಫ್ರೂಟಿ ಸೇರಿ 150. ತಣ್ಣನೆ ತತ್ತಿಯನ್ನು ನೊರೆಯಾದ ಬೆಣ್ಣೆಗೆ ಹಾಕಿದರೆ ಒಡೆದ ಹಾಲಿನಂತೆ ಬಿಡಿಬಿಡಿಯಾಗುತ್ತದೆ. ತತ್ತಿಯನ್ನು ಐದು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿಟ್ಟು, ಒಂದೊಂದಾಗಿ ಹಾಕಬೇಕು. ಒಡೆದೇಬಿಟ್ಟರೆ ಅಳತೆಯ ಮೈದಾದಲ್ಲೇ ಒಂದು ಚಮಚ ಮುಂಚೆ ಸೇರಿಸಿದರೆ ಕೂಡಿಕೊಳ್ಳುತ್ತದೆ. ಬಣ್ಣಕ್ಕೆ 50 ಗ್ರಾಂ ಸಕ್ಕರೆಯನ್ನು ಹಳೆ ಬೆಲ್ಲದ ಬಣ್ಣ ಬರುವತನಕ ಸುಟ್ಟು, ಒಲೆಯಿಂದ ಇಳಿಸಿ, ಮುಖ ದೂರ ಇಟ್ಟುಕೊಂಡು ಎರಡು ದೊಡ್ಡ ಚಮಚ ಕುದಿನೀರು. ತಣ್ಣೀರು ಹಾಕಿದರೆ ಸಕ್ಕರೆ ಕಲ್ಲಾಗುತ್ತದೆ, ಸಿಡಿಯುವುದೂ ಜಾಸ್ತಿ. ಈ ಪಾಕ ಪೂರ್ತಿ ಆರಿದ ಮೇಲೆಯೇ ಹಿಟ್ಟಿಗೆ. ಹಣ್ಣಿನ ನೀರು ಬಸಿದು, ಮೈದಾದಲ್ಲಿ ಹೊರಳಿಸಿ, ಕೊನೆಗೆ ಹಾಕುವುದು. ಹಿಟ್ಟೇ ತೆಳ್ಳಗಿದ್ದರೆ ಎಷ್ಟು ಹೊರಳಿಸಿದರೂ ತಳ ಸೇರುತ್ತವೆ.

ಕೇಕನ್ನು ಭಟ್ಟಿಗೆ ಒಯ್ಯುವುದಿಲ್ಲ, ಕುಕ್ಕರೇ ಸಾಕು. ರಬ್ಬರು, ಸೀಟಿ ಎರಡೂ ತೆಗೆದು, ತಳಕ್ಕೆ ಎರಡು ಬೆರಳು ದಪ್ಪ ಉಪ್ಪು, ಮೇಲೊಂದು ಸ್ಟ್ಯಾಂಡು. ಹತ್ತು ನಿಮಿಷ ಕಾಯಿಸಿ, ಡಬ್ಬಿ ಇಟ್ಟು, ಸಣ್ಣ ಉರಿಯಲ್ಲಿ ಐವತ್ತು ನಿಮಿಷ. ಅಷ್ಟು ಹೊತ್ತು ಮುಚ್ಚಳ ಎತ್ತುವ ಕೈಗಳನ್ನು ಕಾಯುವುದೇ ದೊಡ್ಡ ಕೆಲಸ. ನಲವತ್ತು ನಿಮಿಷದೊಳಗೆ ತೆಗೆದರೆ ನಡು ಕುಸಿಯುತ್ತದೆ.

ಎಳ್ಳಮಾವಾಸ್ಯೆಯ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆಯ ಬಗ್ಗೆ ಬರೆಯುವುದೇನಿದೆ, ಅದು ಅತ್ತೆಯ ಖಾತೆ. ಕೆಲವು ವರ್ಷ ಆ ಹಬ್ಬ ಜನವರಿಗೆ ಹೋಗುತ್ತದೆ, ಆಗ ಒಲೆಗೂ ನನಗೂ ಉಸಿರು. ಈ ಸಲ ಕ್ರಿಸ್ಮಸ್ಸೂ ಎಳ್ಳಮಾವಾಸ್ಯೆಯೂ ಒಂದೇ ವಾರದ ಅಂತರದಲ್ಲಿ.

ಹೊಸ ಬೇಕರಿಗಳಲ್ಲಿ ತಿರುಗುವ ಓವನ್ನು ಬಂದಿದೆ. ಅಲ್ಲಿ ಮನೆಯ ಹಿಟ್ಟು ತಗೊಳ್ಳುವುದಿಲ್ಲ, ಕೇಳಿದರೆ ಗಾಜಿನ ಕಪಾಟು ತೋರಿಸಿ "ರೆಡಿ ಅದಾವಲ್ಲ" ಅಂತಾರೆ. ಅವರ ತಪ್ಪೇನಿಲ್ಲ, ಆ ಓವನ್ನಿಗೆ ಒಂದೇ ಬಿಸಿ, ಒಂದೇ ಅಳತೆಯ ಟ್ರೇ. ಆದರೆ ಅಲ್ಲಿ ಯಾರೂ ನನ್ನ ಡಬ್ಬಿಗೆ ಬೆರಳು ಒತ್ತುವುದಿಲ್ಲ.

ನಾನಖಟಾಯಿ ತಿಂದು ಅತ್ತೆ ಕೇಳಿದರು, "ಬಿರುಸ ಯಾಕ ಆಗ್ಯಾವ?" ಭಟ್ಟಿ ಬಿಸಿ ಜಾಸ್ತಿ ಇತ್ತು ಅಂದೆ. ತುಪ್ಪದ ಬರಣಿ ಈಗ ಒಲೆಯಿಂದ ದೂರ, ಬಿಸಿಲು ಬೀಳುವ ಕಿಟಕಿಯಲ್ಲಿದೆ. ಹನ್ನೊಂದರ ಹೊತ್ತಿಗೆ ಚಮಚಕ್ಕೆ ಬಗ್ಗುತ್ತದೆ.