ತೊಟ್ಟಿಯ ನೀರು ಕೊನೆಗೂ 26 ದಾಟಿತು

ಬಿಪಿ ಇರುವವರು ನೀರಿನಲ್ಲಿ ನಡೆದು ವ್ಯಾಯಾಮ ಮಾಡಲೆಂದು ಕಟ್ಟಿದ ತೊಟ್ಟಿ ಇದು. ಇವತ್ತು ಮುಂಜಾನೆ 7ಕ್ಕೆ ತಳದ ಥರ್ಮಾಮೀಟರ್ 30.5 ಡಿಗ್ರಿ ತೋರಿಸಿತು, ಮೇಲಿನದು 31. ಹೊರಗಿನ ಗಾಳಿ 15 ಡಿಗ್ರಿ. ಥಂಡಿ ಶುರುವಾದಾಗಿನಿಂದ 26ಕ್ಕೆ ಅಂಟಿಕೊಂಡು ಕೂತಿದ್ದ ನೀರು ಇದೇ. ಇದಕ್ಕೆ ಹೊಸ ಪೈಪೂ ಬೇಕಾಗಲಿಲ್ಲ, ಹೀಟರೂ ಬೇಕಾಗಲಿಲ್ಲ. ಬೇಕಾದದ್ದು ಅಂಚಿನವರೆಗೆ ಮುಚ್ಚುವ ಒಂದು ಹೊದಿಕೆ.

ತೊಟ್ಟಿ ಕಟ್ಟುವುದು, ಗಿಲಾವು, ವಾಟರ್‌ಪ್ರೂಫಿಂಗ್, ಫಿಲ್ಟರ್ ಬಗ್ಗೆ ಇಲ್ಲಿ ಬರೆಯುತ್ತಿಲ್ಲ. ಅದು ಇದನ್ನು ಓದುವವರಿಗೆಲ್ಲ ಗೊತ್ತಿರುವ ಕೆಲಸ. ಅಳತೆ ಮಾತ್ರ ಹೇಳುತ್ತೇನೆ: ಉದ್ದ 4.8 ಮೀಟರ್, ಅಗಲ 2.4, ನೀರಿನ ಆಳ 1.2. ಮೆಟ್ಟಿಲು ಹಿಡಿಯುವ ಜಾಗ ಲೆಕ್ಕಿಸದಿದ್ದರೆ ಸುಮಾರು 13,800 ಲೀಟರ್ ನೀರು. ಜಾಗ ವಿಜಯಪುರದ ಹೊರಗೆ, ತಿಕೋಟಾ ರಸ್ತೆಯ ಕಡೆ, ಒಂದು ದ್ರಾಕ್ಷಿ ತೋಟದ ಅಂಚು. ಬಳಸುವವರು ಬಿಪಿ ಇರುವವರು, ಬಹುಪಾಲು ಜನರಿಗೆ ಮೊಣಕಾಲು ನೋವೂ ಇದೆ. ನೆಲದ ಮೇಲೆ ಹತ್ತು ನಿಮಿಷ ನಡೆದರೆ ಕೂತುಬಿಡುವವರು ಎದೆಮಟ್ಟದ ನೀರಿನಲ್ಲಿ ನಲವತ್ತು ನಿಮಿಷ ಆರಾಮಾಗಿ ನಡೆಯುತ್ತಾರೆ, ಯಾಕೆಂದರೆ ಅಷ್ಟು ಆಳದಲ್ಲಿ ಕಾಲಿನ ಮೇಲೆ ಬೀಳುವುದು ಮೈಭಾರದ ಮೂರನೇ ಒಂದು ಪಾಲು ಮಾತ್ರ. ಕುಳ್ಳಗಿರುವವರಿಗೆ 1.2 ಮೀಟರ್ ಹೆಗಲಿಗೆ ಬರುತ್ತದೆ. ಅವರಿಗಾಗಿ ಒಂದು ಬದಿಗೆ 15 ಸೆಂಟಿಮೀಟರ್ ಎತ್ತರದ ಕಟ್ಟೆ ಹಾಕಿದೆ.

ಬಿಪಿ ಇರುವವರ ತೊಟ್ಟಿಯಲ್ಲಿ ನೀರಿನ ಬಿಸಿ ಬರೀ ಸುಖದ ಮಾತಲ್ಲ. ತಣ್ಣೀರಿಗೆ ಇಳಿದ ಕ್ಷಣ ಚರ್ಮದ ರಕ್ತನಾಳಗಳು ಬಿಗಿಯುತ್ತವೆ, ಒತ್ತಡ ಏರುತ್ತದೆ. ಇಳಿಸಬೇಕಾದದ್ದನ್ನೇ ಏರಿಸಿದ ಹಾಗಾಯಿತು. 34 ದಾಟಿದರೆ ಉಲ್ಟಾ: ನಾಳಗಳು ಪೂರ್ತಿ ಸಡಿಲಾಗಿ, ಹೊರಗೆ ಬಂದಾಗ ತಲೆ ಗಿರ್ರನೆ ತಿರುಗುತ್ತದೆ. ಬಿಪಿ ಗುಳಿಗೆ ನುಂಗಿದವರಿಗೆ ಇನ್ನೂ ಹೆಚ್ಚು. ನಮ್ಮ ಗುರಿ 30ರಿಂದ 32.

ಈಗ ಆ ಹಟಮಾರಿ ಸಮಸ್ಯೆ. ಈ ತೊಟ್ಟಿಯ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 16 ಯೂನಿಟ್ ಶಾಖ ಬೇಕು. 22ರಿಂದ 31ಕ್ಕೆ ತರಲು 145 ಯೂನಿಟ್. ಕರೆಂಟಿನಲ್ಲಿ ಕಾಯಿಸಿದರೆ, ಯೂನಿಟ್‌ಗೆ 7 ರೂಪಾಯಿ ಹಿಡಿದರೂ ಒಂದು ಸಲಕ್ಕೆ ಸಾವಿರ ರೂಪಾಯಿ, ಮರುದಿನ ಮತ್ತೆ ಕಾಯಿಸುವ ಖರ್ಚು ಬೇರೆ. ಅದಕ್ಕೇ ಬಿಸಿಲನ್ನು ನಂಬಿದ್ದು. ಮಾಳಿಗೆಯ ಮೇಲೆ 16 ಮಿಲಿಮೀಟರ್ ಕಪ್ಪು ಡ್ರಿಪ್ ಲ್ಯಾಟರಲ್ (ಹನಿ ನೀರಾವರಿಯ ತೆಳು ಪೈಪು), 50 ಮೀಟರಿನ 20 ಸುರುಳಿ, ಒಟ್ಟು ಸಾವಿರ ಮೀಟರ್. ಎಲ್ಲವೂ ಸಮಾನಾಂತರವಾಗಿ, ಎಲ್ಲಕ್ಕೂ ನೀರು ಹಂಚುವ ಎರಡು ಇಂಚಿನ ಹೆಡರ್ ಪೈಪಿಗೆ. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ಸಾವಿರ ಮೀಟರ್ ಉದ್ದ ಮಾಡಿದರೆ ನೀರು ಹರಿಯುವುದೇ ಇಲ್ಲ, ಅರ್ಧ ಎಚ್‌ಪಿ ಪಂಪ್ ಸುಮ್ಮನೆ ಗುರ್ರೆನ್ನುತ್ತದೆ. ಇಷ್ಟು ಪೈಪು ಬಿಸಿಲಿಗೆ ಒಡ್ಡುವ ಮೈ 16 ಚದರ ಮೀಟರ್. ಗಾಳಿ ಕಸಿದುಕೊಂಡು ಹೋದದ್ದನ್ನು ಕಳೆದರೆ ದಿನಕ್ಕೆ 40 ಯೂನಿಟ್, ಅಂದರೆ ಎರಡೂವರೆ ಡಿಗ್ರಿ ಸಿಗುತ್ತದೆ.

ನಾಲ್ಕು ದಿನದಲ್ಲಿ 31 ಮುಟ್ಟಬೇಕಿತ್ತು. ಮುಟ್ಟಲಿಲ್ಲ. 26ಕ್ಕೆ ಬಂದು ನಿಂತುಬಿಟ್ಟಿತು. ಸಂಜೆ 5ಕ್ಕೆ 28, ಮುಂಜಾನೆ 26. ಮರುದಿನವೂ ಅಷ್ಟೇ.

ಎಲ್ಲರೂ ಮೊದಲು ಹೇಳುವುದು ‘ಇನ್ನೂ ಐನೂರು ಮೀಟರ್ ಪೈಪ್ ಹಾಕ್ರಿ’ ಅಂತ. ಅದಕ್ಕೂ ಮುಂಚೆ ಮಾಡಬೇಕಾದ ಕೆಲಸ ಒಂದಿತ್ತು: ಗೋಡೆಗೆ ಸ್ಟೀಲ್ ಸ್ಕೇಲ್ ಅಂಟಿಸಿ, ಸಂಜೆ ಮತ್ತು ಮುಂಜಾನೆ ನೀರಿನ ಮಟ್ಟ ಓದುವುದು. ಒಂದೇ ರಾತ್ರಿಯಲ್ಲಿ 4 ಮಿಲಿಮೀಟರ್ ಇಳಿದಿತ್ತು. ಸೋರಿಕೆ ಇರಬಹುದೇ ಎಂದು ನೋಡಲು ಪಕ್ಕದಲ್ಲೇ ಒಂದು ಬಕೆಟ್, ತೊಟ್ಟಿಯ ನೀರನ್ನೇ ತುಂಬಿ, ಮೆಟ್ಟಿಲಿನ ಮೇಲೆ ಅರ್ಧ ಮುಳುಗಿಸಿ ಇಟ್ಟದ್ದಾಯಿತು. ಬಕೆಟ್ಟಿನಲ್ಲೂ 4 ಮಿಲಿಮೀಟರ್ ಇಳಿಯಿತು. ಸೋರಿಕೆ ಅಲ್ಲ, ಆವಿ.

ಲೆಕ್ಕ ಹಾಕಿದರೆ ಎಲ್ಲ ಬಿಡಿಸಿಕೊಳ್ಳುತ್ತದೆ. ಒಂದು ಕಿಲೋ ನೀರು ಆವಿಯಾಗಲು ಸುಮಾರು 2,430 ಕಿಲೋಜೂಲ್ ಶಾಖ ಬೇಕು, ಅದನ್ನು ಉಳಿದ ನೀರಿನಿಂದಲೇ ಎಳೆದುಕೊಳ್ಳುತ್ತದೆ. 1.2 ಮೀಟರ್ ಆಳದ ತೊಟ್ಟಿಯಲ್ಲಿ ಒಂದು ಮಿಲಿಮೀಟರ್ ಆವಿಯಾದರೆ ಇಡೀ ನೀರು ಅರ್ಧ ಡಿಗ್ರಿ ತಣ್ಣಗಾಗುತ್ತದೆ. ಉದ್ದ ಅಗಲ ಎಷ್ಟೇ ಇರಲಿ, ಆಳ ಇಷ್ಟಿದ್ದರೆ ಲೆಕ್ಕ ಇದೇ. ನಾಲ್ಕು ಮಿಲಿಮೀಟರಿಗೆ ಎರಡು ಡಿಗ್ರಿ. ರಾತ್ರಿ ಕಳೆದುಹೋಗುತ್ತಿದ್ದದ್ದೂ ಅಷ್ಟೇ, ಎರಡು ಡಿಗ್ರಿ! ನಮ್ಮ ಕಡೆ ಥಂಡಿ ದಿನಗಳ ಒಣ ಗಾಳಿ ತುಟಿ ಒಡೆಸುತ್ತದಲ್ಲ, ಅದೇ ಗಾಳಿ ತೊಟ್ಟಿಯ ಬಿಸಿಯನ್ನು ಹೊತ್ತುಕೊಂಡು ಹೋಗುತ್ತಿತ್ತು. ಹಗಲಿನ ಆವಿಯನ್ನೂ ಸೇರಿಸಿದರೆ ಬಂದದ್ದೂ ಹೋದದ್ದೂ ಸಮ. 26ರ ಗುಟ್ಟು ಇಷ್ಟೇ.

ಹೊದಿಕೆ ಬೇಕು ಎಂದು ತಿಳಿದ ಮೇಲೆ ಮೂರು ವಾರ ಹಾಳಾದದ್ದು ಪೂರೈಕೆಯವರಿಂದ. ಹೇಳಿದ್ದು ಈಜುಕೊಳದ 500 ಮೈಕ್ರಾನ್ (ಅರ್ಧ ಮಿಲಿಮೀಟರ್) ದಪ್ಪದ ಗುಳ್ಳೆಗಳ ಬಬಲ್ ಕವರ್, ಬಿಸಿಲಿಗೆ ಹಾಳಾಗದಂಥದ್ದು. ಬಂದದ್ದು ಗಾಜಿನ ಸಾಮಾನು ಸುತ್ತುವ ತೆಳು ಬಬಲ್ ಹಾಳೆ, ನೀಲಿ ಬಣ್ಣದ್ದು. ಹತ್ತೇ ದಿನದ ಬಿಸಿಲಿಗೆ ಅದು ಹಪ್ಪಳದಂತೆ ಮುರಿದು, ಚೂರುಗಳು ಪಂಪಿನ ಕಸ ಹಿಡಿಯುವ ಬುಟ್ಟಿಗೆ ಸಿಕ್ಕಿಕೊಂಡವು. ಲ್ಯಾಟರಲ್ ತರಿಸುವಾಗಲೂ ಹೀಗೇ ಆಗಿತ್ತು: ತೂತಿಲ್ಲದ ಪ್ಲೇನ್ ಕೇಳಿದರೆ ಇನ್‌ಲೈನ್ ಕಳಿಸಿದ್ದರು. ಪ್ರತಿ 40 ಸೆಂಟಿಮೀಟರಿಗೆ ಹನಿ ಬಿಡುವ ಒಂದು ಎಮಿಟರ್, ಮಾಳಿಗೆ ತುಂಬ ತೊಟ್ಟಿಕ್ಕುವ ನೀರು. ದ್ರಾಕ್ಷಿ ಬೆಳೆಯುವ ಈ ಊರಲ್ಲಿ ಡ್ರಿಪ್ ಅಂಗಡಿಯವರಿಗೆ ಇವೆರಡರ ಫರಕು ಗೊತ್ತಿಲ್ಲದೆ ಇರುತ್ತದೆಯೇ? ಸುರುಳಿಯನ್ನು ಅಂಗಡಿಯಲ್ಲೇ ಬಿಚ್ಚಿ ಒಂದು ಮೀಟರ್ ಬೆರಳಾಡಿಸಿ ನೋಡಿ. ಒಳಗೆ ಗಂಟು ತಗುಲಿದರೆ ಅದು ಇನ್‌ಲೈನ್. ಬಬಲ್ ಕವರನ್ನು ದಪ್ಪ ಅಳೆಯುವ ಮೈಕ್ರೋಮೀಟರ್ ಇಟ್ಟು ಅಳೆಯದೆ ದುಡ್ಡು ಕೊಡಬೇಡಿ.

ಸರಿಯಾದ ಕವರ್ ಬಂದ ಮೇಲೂ ಮೊದಲ ರಾತ್ರಿ ಒಂದು ಡಿಗ್ರಿಗಿಂತ ಹೆಚ್ಚು ಹೋಯಿತು. ಕಾರಣ ಅಂಚು. ನಾಲ್ಕೂ ಕಡೆ ಅಂಗೈ ಅಗಲದ ಸಂದು ಉಳಿದಿತ್ತು, ಗಾಳಿ ಅಲ್ಲಿಂದ ನುಗ್ಗಿ ಕವರನ್ನೇ ಎತ್ತಿ ಬಡಿಯುತ್ತಿತ್ತು. ಕವರನ್ನು ತೊಟ್ಟಿಗಿಂತ 5 ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸಿ, ಅಂಚು ಗೋಡೆಗೆ ಮೇಲೇರುವಂತೆ ಕೂರಿಸಬೇಕು. ಗುಳ್ಳೆಗಳ ಬದಿ ಕೆಳಗೆ, ನೀರಿಗೆ ತಾಗಿರಬೇಕು. ಅದಾದ ಮೇಲೆ ರಾತ್ರಿಯ ಇಳಿತ 0.6 ಡಿಗ್ರಿ, ಸ್ಕೇಲಿನಲ್ಲಿ ಅರ್ಧ ಮಿಲಿಮೀಟರ್. ಐದನೇ ಮುಂಜಾನೆ, ಅಂದರೆ ಇವತ್ತು, 31.

ಇನ್ನೆರಡು ತೊಡಕುಗಳು. ಕವರ್ ಹಾಕಿದಾಗ ಮೇಲಿನ ನೀರು 33, ತಳದ್ದು 28 ಆಗಿ ಪದರ ಕಟ್ಟುತ್ತದೆ. ಥರ್ಮಾಮೀಟರ್ ಮೇಲೆ ತೇಲುತ್ತಿದ್ದರೆ ಎಲ್ಲ ಸರಿ ಎನ್ನಿಸುತ್ತದೆ, ಇಳಿದವರು ಮಾತ್ರ ‘ಕಾಲು ಮರಗಟ್ಟಿದವು’ ಎನ್ನುತ್ತಾರೆ. ಫಿಲ್ಟರಿನಿಂದ ಮರಳುವ ನೀರನ್ನು ತಳದಲ್ಲಿ ಬಿಡಬೇಕು, ಇಳಿಯುವ 20 ನಿಮಿಷ ಮುಂಚೆ ಮಾಳಿಗೆಯ ಪೈಪಿಗೆ ಹೋಗುವ ವಾಲ್ವ್ ಮುಚ್ಚಿ ಪಂಪ್ ಓಡಿಸಬೇಕು. ಎರಡನೆಯದು, ಪಂಪ್ ನಿಂತ ತಕ್ಷಣ ಮಾಳಿಗೆಯ ನೀರು ಕೆಳಗೆ ಜಾರುವಾಗ ಒಳಗೆ ನಿರ್ವಾತವಾಗಿ, ಬಿಸಿಯಾಗಿ ಮೆತ್ತಗಾದ ಲ್ಯಾಟರಲ್ ಚಪ್ಪಟೆಯಾಗುತ್ತದೆ. ಅತಿ ಎತ್ತರದ ಜಾಗದಲ್ಲಿ ಗಾಳಿ ಒಳಗೆ ಬಿಡುವ ಒಂದು ಏರ್ ವಾಲ್ವ್ ಇದ್ದರೆ ಈ ಕಾಟವಿಲ್ಲ. ಪಂಪ್ ತೊಟ್ಟಿಯ ಹೊರಗೇ ಇರಲಿ, ಅದರ ಲೈನಿಗೆ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇಲ್ಲದೆ ಯಾರನ್ನೂ ನೀರಿಗೆ ಇಳಿಸಬೇಡಿ. ಇದರಲ್ಲಿ ಉಳಿತಾಯ ಬೇಡ.

ನೀರು ಬಿಸಿಯಾಯಿತು, ಇನ್ನು ಹೊರಬರುವ ದಾರಿ. 1.2 ಮೀಟರ್ ಆಳದಲ್ಲಿ ಪಾದದ ಮೇಲೆ ನೀರು ಒತ್ತುವ ಒತ್ತಡ ಪಾದರಸದ ಲೆಕ್ಕದಲ್ಲಿ ಸುಮಾರು 88 ಮಿಲಿಮೀಟರ್. ಬಿಪಿಯ ಕೆಳಗಿನ ಅಂಕಿಯಷ್ಟೇ ಇದೆ ನೋಡಿ. ಈ ಒತ್ತಡ ಕಾಲಿನ ರಕ್ತವನ್ನು ಎದೆಗೆ ತಳ್ಳುತ್ತದೆ, ಗುಂಡಿಗೆ ನಿಧಾನವಾಗಿ ಬಡಿಯುತ್ತದೆ, ಮೂತ್ರ ಬೇಗ ಬರುತ್ತದೆ. ಏಣಿ ಹತ್ತಿ ಸರಕ್ಕನೆ ಹೊರಬಂದರೆ ಆ ಬಿಗಿಪಟ್ಟಿ ಒಂದೇ ಸಲ ಬಿಚ್ಚಿದಂತೆ, ರಕ್ತ ಕಾಲಿಗಿಳಿದು ಕಣ್ಣು ಕತ್ತಲೆ ಬರುತ್ತದೆ. ಅದಕ್ಕಾಗಿ ಕಬ್ಬಿಣದ ಏಣಿ ತೆಗೆದು ಮೆಟ್ಟಿಲು ಕಟ್ಟಿದೆ: ಏರು 15 ಸೆಂಟಿಮೀಟರ್, ಅಗಲ 30, ಪಕ್ಕದಲ್ಲಿ ಹಿಡಿಕೆ. ಸೊಂಟಮಟ್ಟದ ಮೆಟ್ಟಿಲಿನಲ್ಲಿ ಎರಡು ನಿಮಿಷ ನಿಂತು ಹಿಮ್ಮಡಿ ಎತ್ತಿ ಇಳಿಸುತ್ತ ಇರಬೇಕು, ಆಮೇಲೆ ಮೇಲೆ ಬಂದು ನೇರ ಬೆಂಚಿಗೆ. ಒಂದು ಲೋಟ ನೀರು ಕುಡಿಯಬೇಕು, ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುವವರು ಮರೆಯಲೇಬಾರದು.

ನೀರಿನ ಒಳಗಿನ ಕೆಲಸ ಸರಳ. ಹತ್ತು ನಿಮಿಷ ನಿಧಾನ ನಡಿಗೆ, ಇಪ್ಪತ್ತು ನಿಮಿಷ ಬಿರುಸು, ಹತ್ತು ನಿಮಿಷ ಮತ್ತೆ ನಿಧಾನ. ವಾರಕ್ಕೆ ಮೂರು ದಿನ. ನಾಡಿ ಎಣಿಸಿ ವೇಗ ನಿರ್ಧರಿಸಬೇಡಿ. ನೀರಿನಲ್ಲಿ ನಾಡಿ ಹೇಗೂ ಹತ್ತರಷ್ಟು ಕಡಿಮೆ ಇರುತ್ತದೆ, ಬೀಟಾ ಬ್ಲಾಕರ್ (ಗುಂಡಿಗೆಯ ಬಡಿತ ನಿಧಾನಗೊಳಿಸುವ ಗುಳಿಗೆ) ನುಂಗುವವರಲ್ಲಿ ಇನ್ನೂ ಕಡಿಮೆ. ಬಿರುಸಿನ ಹೊತ್ತಲ್ಲಿ ಒಂದು ವಚನವನ್ನು ತಡವರಿಸದೆ ಹೇಳಲು ಬರಬೇಕು, ರಾಗವಾಗಿ ಹಾಡಲು ಆಗಬಾರದು. ಅದೇ ಸರಿಯಾದ ಹದ. ಉಸಿರು ಕಟ್ಟಿ ಮುಳುಗುವುದು ಬೇಡ. ಇಳಿಯುವ ಮುಂಚೆ ಬಿಪಿಯ ಮೇಲಿನ ಅಂಕಿ 180 ಅಥವಾ ಕೆಳಗಿನದು 110 ಮುಟ್ಟಿದ್ದರೆ ಅವತ್ತು ನೀರಿಲ್ಲ, ಡಾಕ್ಟರ ಹತ್ತಿರ ಹೋಗಬೇಕು. ಎದೆನೋವು ಇದ್ದವರದ್ದೂ ಹಾಗೆಯೇ. ಹೊಸದಾಗಿ ಸೇರುವವರು ಮೊದಲು ಡಾಕ್ಟರ ಒಪ್ಪಿಗೆ ಪಡೆದೇ ಬರಬೇಕು.

ಬಿಪಿ ಅಂಕಿ ಬರೆದಿಡುವ ವಹಿಯಲ್ಲಿ ಒಂದು ಗೋಳು ಬಹಳ ದಿನ ಇತ್ತು. ಬಿಪಿ ಯಂತ್ರದ ಜೊತೆ ಬರುವ, ತೋಳಿಗೆ ಸುತ್ತುವ ಪಟ್ಟಿ 22ರಿಂದ 32 ಸೆಂಟಿಮೀಟರ್ ತೋಳಿಗೆ. ಗರಡಿಯಲ್ಲಿ ಬೆಳೆದ ಹಳೆಯ ಪೈಲ್ವಾನರ ತೋಳು 35, 36. ಸಣ್ಣ ಪಟ್ಟಿ ಬಿಗಿದರೆ ಅಂಕಿ ಸುಳ್ಳಾಗಿ ಏರುತ್ತದೆ. 32ರಿಂದ 42ರ ಪಟ್ಟಿ ಬೇರೆ ತರಿಸಲೇಬೇಕು. ತೋಳು ಒರೆಸಿ, ಒದ್ದೆ ಬಟ್ಟೆ ಬದಲಿಸಿ, ಮೂತ್ರಕ್ಕೆ ಹೋಗಿಬಂದು, ಬೆನ್ನಿಗೆ ಆಸರೆ ಇಟ್ಟು ಐದು ನಿಮಿಷ ಮಾತಿಲ್ಲದೆ ಕೂತ ಮೇಲೆ ಎರಡು ಸಲ ಅಳೆಯಬೇಕು, ನಡುವೆ ಒಂದು ನಿಮಿಷ ಬಿಟ್ಟು. ತೋಳು ಗುಂಡಿಗೆಯ ಮಟ್ಟಕ್ಕಿರಲಿ, 10 ಸೆಂಟಿಮೀಟರ್ ಕೆಳಗಿದ್ದರೆ ಅಂಕಿ ಸುಮಾರು 8 ಹೆಚ್ಚು ಬರುತ್ತದೆ. ವ್ಯಾಯಾಮ ಮುಗಿದ ಮೇಲೆ ಕೆಲವು ಗಂಟೆ ಒತ್ತಡ ತಾನಾಗಿಯೇ ಕೆಳಗಿರುತ್ತದೆ. ಆ ಅಂಕಿ ನೋಡಿ ಗುಳಿಗೆ ಬಿಟ್ಟವರನ್ನು ಕಂಡರೆ ಸಂಕಟವಾಗುತ್ತದೆ. ದಿನದ ನಿಜವಾದ ಅಂಕಿ ಮುಂಜಾನೆ ಗುಳಿಗೆಗೆ ಮುಂಚಿನದು, ಅದನ್ನೂ ಡಾಕ್ಟರಿಗೇ ತೋರಿಸಬೇಕು.

ನೆಲದ ಕಡೆಯ ಕೆಲಸ ಮುಂದಿನದು, ಮನಸ್ಸು ಆಗಲೇ ಅಲ್ಲಿಗೆ ಓಡಿದೆ. ತೊಟ್ಟಿಯ ಉತ್ತರದ ಗೋಡೆಗೆ ಗೋಡೆಕುರ್ಚಿ ಹಲಗೆ: ಬೆನ್ನು ಗೋಡೆಗೆ ಒರಗಿಸಿ, ಕುರ್ಚಿಯಿಲ್ಲದೆ ಕೂತಂತೆ ನಿಲ್ಲುವುದು. ಎರಡು ನಿಮಿಷ ನಿಲ್ಲು, ಎರಡು ನಿಮಿಷ ಬಿಡು, ಇದು ನಾಲ್ಕು ಸಲ, ವಾರಕ್ಕೆ ಮೂರು ದಿನ. ಬಿಪಿ ಇಳಿಸುವಲ್ಲಿ ಇಂಥ ಅಲುಗಾಡದ ವ್ಯಾಯಾಮಕ್ಕೆ ಒಳ್ಳೆಯ ಹೆಸರಿದೆ. ತೊಂದರೆ ಒಂದೇ, ಜನ ಉಸಿರು ಬಿಗಿಹಿಡಿಯುತ್ತಾರೆ, ಆಗ ಒತ್ತಡ ಜಿಗಿಯುತ್ತದೆ. ಜೋರಾಗಿ ಎಣಿಸುತ್ತ ನಿಂತರೆ ಉಸಿರು ತಾನೇ ಆಡುತ್ತದೆ. ಮೊಣಕಾಲಿನ ಕೋನ 135ರಿಂದ ಶುರುಮಾಡಿ, ವಾರಗಳು ಕಳೆದಂತೆ ಕೆಳಗಿಳಿಯಲು ಹಲಗೆಯ ಮೇಲೆ ಬಣ್ಣದ ಗೆರೆಗಳು ಬೇಕು. ಮೊಣಕಾಲು ನೋವಿನವರು ಮೊದಲ ಗೆರೆಯಲ್ಲೇ ಇರಲಿ. ಹಲಗೆಗೆ ನೀರಿಗೆ ಬಾಳುವ 18 ಮಿಲಿಮೀಟರ್ ಮರೈನ್ ಪ್ಲೈ, ಕೊಟೇಶನ್ ಇನ್ನೂ ಬಂದಿಲ್ಲ.

ಏಪ್ರಿಲ್‌ಗೆ ಈ ಇಡೀ ವ್ಯವಸ್ಥೆ ತಲೆಕೆಳಗಾಗಬೇಕು. ಬಿಸಿಲು 40 ದಾಟುವ ಹೊತ್ತಿಗೆ ತೊಟ್ಟಿ 34 ಮೀರದಂತೆ ಹಗಲು ಹಸಿರು ನೆರಳುಬಲೆ, ರಾತ್ರಿ ಹೊದಿಕೆ ಇಲ್ಲ, ಪಂಪ್ ಕತ್ತಲಾದ ಮೇಲೆ ಓಡಿ ಅದೇ ಮಾಳಿಗೆ ಪೈಪಿನಲ್ಲಿ ನೀರು ತಣ್ಣಗಾಗಬೇಕು. ಟೈಮರ್‌ನಲ್ಲಿ ಈಗಿರುವ 9:30ರಿಂದ 4ರ ಹೊತ್ತನ್ನು ರಾತ್ರಿ 10ರಿಂದ ಬೆಳಗಿನ 5ಕ್ಕೆ ತಿರುಗಿಸಿದರೆ ಆಯಿತು. ನಾಲ್ಕು ಮಿಲಿಮೀಟರ್ ಆವಿ ಆಗ ನಮ್ಮ ಕಡೆಯೇ ಕೆಲಸ ಮಾಡುತ್ತದೆ. ಸ್ಕೇಲನ್ನು ಗೋಡೆಯಿಂದ ಕಿತ್ತಿಲ್ಲ.