30 ಪರ್ಸೆಂಟ್ ಬಿಟ್ಟೇವಿ ಅಂತಾರ, ಯಾವುದರಾಗ?

ಮೊನ್ನೆ ತಂಗಿ ಮಗಳ ಪಿಯುಸಿ ಅಡ್ಮಿಶನ್ ಸಲುವಾಗಿ ಧಾರವಾಡದ ಒಂದು ಪ್ರೈವೇಟ್ ಕಾಲೇಜಿಗೆ ಹೋಗಿದ್ದೆ. ತಂಗಿ, ಮಾವ, ಹುಡುಗಿ ಮೂರೂ ಮಂದಿ ಗದಗ ಕಡಿಂದ ಮುಂಜಾನೆನ ಹುಬ್ಬಳ್ಳಿಗೆ ಬಂದು ಚಿಗರಿ ಬಸ್ ಹಿಡದು ಬಂದಿದ್ರು. ಹುಡುಗಿ ಎಸ್‌ಎಸ್‌ಎಲ್‌ಸಿ ಒಳಗ 625ಕ್ಕ 581 ತಗೊಂಡಾಳ, ಕನ್ನಡ ಮೀಡಿಯಂ, ಒಂದು ಟ್ಯೂಷನ್ ಇಲ್ಲ ಏನಿಲ್ಲ.

ಕೌಂಟರ್‌ನ್ಯಾಗ ಕುಂತ ಹುಡುಗ ಮಾರ್ಕ್ಸ್ ಕಾರ್ಡ್ ನೋಡಿ ಅಂದ, "ಅಕ್ಕಾರ, ನಿಮ್ಮ ಮಗಳಿಗೆ 30 ಪರ್ಸೆಂಟ್ ಮೆರಿಟ್ ಸ್ಕಾಲರ್‌ಶಿಪ್ ಬರತೈತ್ರಿ, 1,20,000 ಇದ್ದದ್ದು 84,000 ಆಗತೈತಿ, ಆದ್ರ ಇವತ್ತ ಕಟ್ಟಬೇಕ್ರಿ, ನಾಳೆ ಸೀಟ್ ಇರತಾವೋ ಇಲ್ಲೋ ಹೇಳಾಕ ಬರಂಗಿಲ್ಲ." 36 ಸಾವಿರ ಉಳೀತು ಅಂತ ತಂಗಿ ಕಣ್ಣಾಗ ನೀರ ಬಂತು. ಹೆಸರು ಬಿತ್ತೋ ಟೈಮು, ಬೀಜ ಗೊಬ್ಬರಕ್ಕ ಇಟ್ಟ ರೊಕ್ಕನ ಮಾವ ಕಿಸೆದಾಗ ತಂದಿದ್ದ.

ನಾನು ಸುಮ್ಮನ ಕುಂತಿದ್ದೆ. ಯಾಕಂದ್ರ ಆ ಟೇಬಲ್ಲಿನ ಆಚಿ ಕಡೆ ನಾನೂ ಕುಂತಾವ. ಹುಬ್ಬಳ್ಳ್ಯಾಗ ಒಂದು ಪ್ರೈವೇಟ್ ಡಿಗ್ರಿ ಕಾಲೇಜಿನ್ಯಾಗ ಲೆಕ್ಚರರ್ ಅದೀನಿ, ಮೇ ಬಂತಂದ್ರ ಒಬ್ಬೊಬ್ಬರಿಗೆ 10 ಅಡ್ಮಿಶನ್ ಟಾರ್ಗೆಟ್, ಪಾಂಪ್ಲೆಟ್ ಹಿಡಕೊಂಡು ನವಲಗುಂದ, ಅಣ್ಣಿಗೇರಿ, ಶಿಗ್ಗಾಂವಿ ಅಂತ ಬಿಸಿಲಾಗ ಊರೂರು ತಿರಗತೀವಿ. ಬಿಎಸ್ಸಿ 60 ಸೀಟಿಗೆ ಹೋದ ವರ್ಷ ತುಂಬಿದ್ದು 23. 23 ಮಂದಿ ಇದ್ರೂ 60 ಮಂದಿ ಇದ್ರೂ ಪಾಠ ಮಾಡೋರ ಪಗಾರ ಅಷ್ಟ, ಲ್ಯಾಬ್ ಖರ್ಚು ಹೆಚ್ಚುಕಮ್ಮಿ ಅಷ್ಟ, ಬಿಲ್ಡಿಂಗ್ ಸಾಲದ ಕಂತು ಅಷ್ಟ, ಹಿಂಗಾಗಿ ಖಾಲಿ ಬೀಳೋ ಬೆಂಚಿಗೆ ಅರ್ಧಾ ಫೀ ಕೊಟ್ಟು ಒಬ್ಬ ಹುಡುಗ ಬಂದ್ರೂ ಮ್ಯಾನೇಜ್‌ಮೆಂಟಿಗೆ ಲಾಭನ. ಬರಲಿಲ್ಲಂದ್ರ ನಮ್ಮ ಪಗಾರ ತಡಾ. ಡಿಸ್ಕೌಂಟ್ ಹುಟ್ಟೂದು ಇಲ್ಲಿ.

ಅದಕ್ಕ ಇದನ್ನ ಸ್ಕಾಲರ್‌ಶಿಪ್ ಅಂದ್ರ ನನಗ ಸಂಕಟ ಆಗತೈತಿ. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್ ಆದ ಎಸ್‌ಎಸ್‌ಪಿ ಪೋರ್ಟಲ್‌ನ್ಯಾಗ ಅರ್ಜಿ ಹಾಕಿ ಬರೋದು ಸ್ಕಾಲರ್‌ಶಿಪ್, ಸರ್ಕಾರದ ರೊಕ್ಕ ಹುಡುಗರ ಅಕೌಂಟಿಗೆ ಬೀಳತೈತಿ. ಇಂಜಿನಿಯರಿಂಗ್‌ನ್ಯಾಗ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಅಂತ ಇದ್ದ ಸೀಟಿನ ಮ್ಯಾಲೆ 5 ಪರ್ಸೆಂಟ್ ಹೆಚ್ಚಿನ ಸೀಟ್ ಅದಾವು, ಮನಿ ಆದಾಯ 8 ಲಕ್ಷದೊಳಗ ಇದ್ದವ್ರಿಗೆ ಸಿಇಟಿ ರ್‍ಯಾಂಕ್ ಮ್ಯಾಲೆ ಟ್ಯೂಷನ್ ಫೀ ಮಾಫಿ, ಅದಕ್ಕೊಂದು ನಿಯಮ ಐತಿ, ಯಾರರ ಕೇಳಿದ್ರ ತೋರಸಬಹುದು. ಇಲ್ಲಿ? ಹೊರಗ ನಿಂತಿದ್ದ ಸೆಕೆಂಡ್ ಪಿಯು ಹುಡುಗರನ್ನ ಕೇಳಿದೆ, ಹೋದ ವರ್ಷ ಪೂರಾ ಫೀನ 95,000 ಇತ್ತಂತ! ಅಂದ್ರ ನಮಗ ಖರೆ ಬಿಟ್ಟದ್ದು 11 ಸಾವಿರ. ಮೊದಲ ಏರಿಸ್ಯಾರ, ಆಮ್ಯಾಲೆ ಇಳಿಸ್ಯಾರ.

ಆ 1,20,000 ಯಾರರ ಕಟ್ಟತಾರ ಅಂತ ಅನ್ಕೊಂಡೆ, ನಮ್ಮ ಹಿಂದ ಪಾಳೆದಾಗ ನಿಂತವ್ರೇ ಕಟ್ಟಿದ್ರು. ಎಪಿಎಂಸಿ ಒಳಗ ಹಮಾಲಿ ಮಾಡೋ ಮನಷ್ಯಾ, ಮಗನಿಗೆ 58 ಪರ್ಸೆಂಟ್, ಒಂದು ರೂಪಾಯಿ ಬಿಡಲಿಲ್ಲ. ಬ್ಯಾನರ್ ಮ್ಯಾಲೆ ಫೋಟೋ ಬರೋದು ನಮ್ಮ ಹುಡುಗಿದು, ಆಕಿಗೆ ಬಿಟ್ಟ ರೊಕ್ಕ ತುಂಬೋದು ಆ ಹಮಾಲನ ಬೆನ್ನು. ಇಬ್ರೂ ಒಂದ ಕ್ಲಾಸಿನ್ಯಾಗ ಕೂಡತಾರ. ಇದು ನನಗ ಇನ್ನೂ ನುಂಗಾಕ ಆಗವಲ್ದು.

ಎರಡನೇ ವರ್ಷ ಏನು ಅಂತ ಕೇಳಿದೆ. ಫಸ್ಟ್ ಪಿಯು ಒಳಗ 85 ಪರ್ಸೆಂಟ್ ಬರಲಿಲ್ಲಂದ್ರ ಪೂರಾ ಫೀ ಅಂತ, ಅದನ್ನ ನಾವು ಕೇಳೂತನಕ ಯಾರೂ ಹೇಳಿರಲಿಲ್ಲ. ಕನ್ನಡ ಮೀಡಿಯಂದಿಂದ ಬಂದ ಹುಡುಗಿಗೆ ಮೊದಲ ಆರ್ ತಿಂಗಳು ಫಿಸಿಕ್ಸ್ ಇಂಗ್ಲಿಷ್ ತಿಳಿಯೂದರಾಗ ಹೋಗತಾವು. ಹಾಸ್ಟೆಲ್, ಪುಸ್ತಕ, ನೀಟ್ ಕೋಚಿಂಗ್ ಬ್ಯಾರೆ, ಅದರಾಗ ಡಿಸ್ಕೌಂಟ್ ಇಲ್ಲ.

"ತಮ್ಮಾ, ಇದನ್ನೆಲ್ಲಾ ಲೆಟರ್‌ಹೆಡ್ ಮ್ಯಾಲೆ ಬರದ ಕೊಡು" ಅಂದೆ. ಅವ ನನ್ನ ಮಾರಿ ನೋಡಿದ, ಆಮ್ಯಾಲೆ ಸಣ್ಣ ದನಿಲೆ, "ಸರ್, ನಂಗೂ ಇನ್ನ ನಾಕ್ ಅಡ್ಮಿಶನ್ ಬೇಕ್ರಿ" ಅಂದ. ರಸೀದಿ ಹಿಂದ ಪೆನ್ನಿಲೆ ಬರದು ಸಹಿ ಮಾಡಿ ಕೊಟ್ಟ. ಸೀಲ್ ಪ್ರಿನ್ಸಿಪಾಲರ ಕಡೆ ಇತ್ತಂತ, ಅವ್ರು ಊಟಕ್ಕ ಹೋಗಿದ್ರು. ಸೋಮವಾರ ಮತ್ತ ಹೋಗೂದೈತಿ.