ಮನೆ ಖಾಲಿಯಾದ ದಿನ ಬಾಕಿ ಬಾಡಿಗೆಯ ಲೆಕ್ಕ

ಬೆಂಗಳೂರಿನ ವಿಜಯನಗರದಲ್ಲಿ ಮೊದಲ ಮಹಡಿಯ ಒಂದು ಮನೆ. ಬಾಡಿಗೆ 18,000, ಅಡ್ವಾನ್ಸ್ ಒಂದು ಲಕ್ಷ. ಹನ್ನೊಂದು ತಿಂಗಳಿಂದ ಬಾಡಿಗೆ ಬಂದಿರಲಿಲ್ಲ. ವಕೀಲರ ನೋಟಿಸು ಹೋಗಿ, ಎರಡೂ ಕಡೆಯ ಹಿರಿಯರು ಕೂತು ಮಾತಾಡಿ, ಕೊನೆಗೊಂದು ಭಾನುವಾರ ಸಾಮಾನು ಲಾರಿ ಹತ್ತಿತು. ಮಾಲೀಕರು ನಿವೃತ್ತರು, ಮನೆಯ ದಿನಸಿ, ಔಷಧಿ ನಡೆಯುವುದೇ ಆ ಬಾಡಿಗೆಯಲ್ಲಿ. ‘ಹೋದರೆ ಸಾಕಪ್ಪ, ಮಿಕ್ಕಿದ್ದು ಆಮೇಲೆ ನೋಡೋಣ’ ಎಂದು ಅವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಬಾಡಿಗೆದಾರರು ಎದುರಿಗೆ ಸಿಗುವ ಕೊನೆಯ ದಿನ ಅದೇ. ಬಾಕಿ ವಸೂಲಿಗೆ ಬೇಕಾದ ಕಾಗದವೆಲ್ಲ ಆ ಮಧ್ಯಾಹ್ನವೇ, ಬೀಗದ ಕೈ ಕೈಬದಲಾಗುವ ಮುಂಚೆಯೇ ಆಗಬೇಕು.

ಮೊದಲು ಲೆಕ್ಕ. ಹನ್ನೊಂದು ತಿಂಗಳ ಬಾಡಿಗೆ 1,98,000. ವಿದ್ಯುತ್ ಬಾಕಿ 6,200, ನೀರಿನದು 3,800. ಬಾಡಿಗೆದಾರರು ಕಟ್ಟದೆ ಹೋದರೂ ವಿದ್ಯುತ್ ಬಾಕಿ ಆ ಮನೆಯ ಆರ್‌ಆರ್ ನಂಬರಿಗೇ (ವಿದ್ಯುತ್ ಸಂಪರ್ಕದ ಸಂಖ್ಯೆಗೆ) ಅಂಟಿಕೊಂಡಿರುತ್ತದೆ, ಆದ್ದರಿಂದ ಮೀಟರಿನ ಕೊನೆಯ ಅಂಕಿಯ ಫೋಟೊ ಅಂದೇ ತೆಗೆಯಬೇಕು. ಒಟ್ಟು 2,08,000. ಅಡ್ವಾನ್ಸ್ ಕಳೆದರೆ ಉಳಿದದ್ದು 1,08,000. ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿ ಬೆಂಗಳೂರಿನಲ್ಲಿದೆ. ಕರಾರಿನಲ್ಲಿ ಬರೆದಿದ್ದರೆ ಮಾತ್ರ ಅದನ್ನು ಸೇರಿಸಿ. ದಿನಬಳಕೆಯಲ್ಲಿ ಆಗುವ ಸವಕಳಿಗೆ ಬಾಡಿಗೆದಾರರು ಹೊಣೆಯಲ್ಲ ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮೇ ಹೇಳುತ್ತದೆ. ಹಳೇ ನಲ್ಲಿ, ಮಾಸಿದ ಗೋಡೆ ಎಂದು ಲೆಕ್ಕ ಉಬ್ಬಿಸಿದರೆ ಸಹಿ ಹಾಕಲು ಕೂತವರು ಎದ್ದು ಹೋಗುತ್ತಾರೆ. ಆಮೇಲೆ ಕೋರ್ಟಿನಲ್ಲಿ ನ್ಯಾಯವಾದ ಬಾಕಿಯ ಮೇಲೂ ಅನುಮಾನ ಬರುತ್ತದೆ.

ಈ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು, ‘ಇಷ್ಟು ಬಾಕಿ ಇರುವುದು ನಿಜ, ಇಂಥ ದಿನಗಳಂದು ಕೊಡುತ್ತೇನೆ’ ಎಂದು ಬಾಡಿಗೆದಾರರಿಂದ ಸಹಿ, ತಾರೀಕು ಹಾಕಿಸಿಕೊಳ್ಳಬೇಕು. ಇಬ್ಬರು ಸಾಕ್ಷಿಗಳಿರಲಿ. ನನ್ನ ಮಟ್ಟಿಗೆ ಇಡೀ ವಸೂಲಿಯಲ್ಲಿ ಇದಕ್ಕಿಂತ ಬೆಲೆಯುಳ್ಳ ಕಾಗದ ಬೇರೆ ಇಲ್ಲ. 1963ರ ಕಾಲಪರಿಮಿತಿ ಕಾಯ್ದೆಯ 52ನೇ ಅನುಚ್ಛೇದದಂತೆ ಬಾಡಿಗೆ ಬಾಕಿಗೆ ದಾವೆ ಹೂಡಲು ಮೂರು ವರ್ಷ ಗಡುವು. ಅದು ಮನೆ ಬಿಟ್ಟ ದಿನದಿಂದಲ್ಲ, ಒಂದೊಂದು ತಿಂಗಳ ಬಾಡಿಗೆಗೂ ಅದು ಸಲ್ಲಬೇಕಾಗಿದ್ದ ದಿನದಿಂದ ಬೇರೆ ಬೇರೆಯಾಗಿ ಓಡುತ್ತದೆ. ‘ಕೊಡ್ತೀನಿ ಸಾರ್’ ಎಂಬ ಮಾತು ನಂಬಿ ಕಾದವರಿಗೆ ಹಳೆಯ ತಿಂಗಳುಗಳು ಒಂದೊಂದಾಗಿ ಕೈ ಬಿಡುತ್ತವೆ. ಗಡುವು ಮುಗಿಯುವ ಮೊದಲೇ ಸಹಿಯಾದ ಒಪ್ಪಿಗೆ ಪತ್ರವಿದ್ದರೆ, 18ನೇ ಕಲಮಿನ ಪ್ರಕಾರ ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ.

ಇನ್ನೂ ಒಂದು ಉಪಯೋಗವಿದೆ. ನೋಟಿಸಿನಿಂದ ಬಾಡಿಗೆ ಒಪ್ಪಂದ ಕೊನೆಗೊಂಡ ಮೇಲೂ ಒಳಗೆ ಕೂತಿದ್ದ ತಿಂಗಳುಗಳ ಹಣವನ್ನು ಕಾನೂನು ಬಾಡಿಗೆ ಎನ್ನುವುದಿಲ್ಲ, ಬಳಕೆಯ ನಷ್ಟಪರಿಹಾರ ಎನ್ನುತ್ತದೆ. ದಾವೆಯಲ್ಲಿ ಅದನ್ನು ಬೇರೆಯಾಗಿ ಕೇಳಿ, ಮೊತ್ತ ಎಷ್ಟೆಂದು ರುಜುವಾತು ಮಾಡಬೇಕು. ಸಹಿ ಮಾಡಿದ ಲೆಕ್ಕವಿದ್ದರೆ ಎಲ್ಲವೂ ಒಂದೇ ನಿಶ್ಚಿತ ಮೊತ್ತ.

ವಿಜಯನಗರದ ಮನೆಯಲ್ಲಿ 1,08,000 ರೂಪಾಯಿಗೆ ತಲಾ 27,000ದ ನಾಲ್ಕು ಚೆಕ್ ಬರೆಸಿಕೊಳ್ಳಲಾಯಿತು. ಎರಡು ಪಾಸಾದವು, ಮೂರನೆಯದು ಹಣವಿಲ್ಲದೆ ವಾಪಸ್ ಬಂತು. ಇಲ್ಲಿ ತಾರೀಕುಗಳೇ ಮುಖ್ಯ. ಚೆಕ್ಕನ್ನು ಅದರ ಮೇಲಿನ ತಾರೀಕಿನಿಂದ ಮೂರು ತಿಂಗಳೊಳಗೆ ಹಾಕಬೇಕು. ಅದು ವಾಪಸಾದ ಮಾಹಿತಿ ಬ್ಯಾಂಕಿನಿಂದ ತಲುಪಿದ 30 ದಿನದೊಳಗೆ ಲಿಖಿತ ನೋಟಿಸು ಕಳಿಸಬೇಕು. ನೋಟಿಸು ಸಿಕ್ಕವರಿಗೆ ಹಣ ಕೊಡಲು 15 ದಿನ ಅವಕಾಶ. ಆಗಲೂ ಕೊಡದಿದ್ದರೆ ಮುಂದಿನ ಒಂದು ತಿಂಗಳಲ್ಲಿ ಚೆಕ್‌ಗಳಿಗೆ ಸಂಬಂಧಿಸಿದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ದೂರನ್ನು ಮ್ಯಾಜಿಸ್ಟ್ರೇಟ್ ಮುಂದೆ ಸಲ್ಲಿಸಬೇಕು. ನೋಟಿಸಿನಲ್ಲಿ ಚೆಕ್ಕಿನ ಮೊತ್ತವನ್ನು ಸ್ಪಷ್ಟವಾಗಿ ಕೇಳಿರಬೇಕು. ಬೇರೆ ಬಾಕಿಗಳನ್ನೂ ಕಲಸಿ ಒಂದೇ ದೊಡ್ಡ ಮೊತ್ತ ಕೇಳಿದ ನೋಟಿಸುಗಳು ಬಿದ್ದುಹೋಗಿವೆ. ಈ ಪ್ರಕರಣದಲ್ಲಿ ನೋಟಿಸು ತಲುಪಿದ ಮೇಲೆ ಉಳಿದ 54,000 ಒಟ್ಟಿಗೇ ಬಂತು.

ಹಾಗೆಂದು ಬಾಡಿಗೆ ಕೊಡದಿದ್ದದ್ದೇ ಅಪರಾಧವೆಂದು ಪೊಲೀಸ್ ಠಾಣೆಗೆ ಹೋಗಿ ಫಲವಿಲ್ಲ. ಬಾಡಿಗೆ ಕೊಡದಿರುವುದಕ್ಕೆ ಸಿವಿಲ್ ಪರಿಣಾಮಗಳಿರಬಹುದು, ಅಷ್ಟರಿಂದಲೇ ಅದು ವಂಚನೆಯ ಅಪರಾಧವಾಗದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಬಾಕಿಗೆ ಬದಲಾಗಿ ಫ್ರಿಜ್ಜು, ಗಾಡಿ, ಮಕ್ಕಳ ಪುಸ್ತಕದ ಪೆಟ್ಟಿಗೆ ಹಿಡಿದಿಟ್ಟುಕೊಳ್ಳುವುದಂತೂ ಬೇಡವೇ ಬೇಡ. ಹಣ ಬರಬೇಕಾದ ಮಾಲೀಕರೇ ಆರೋಪಿಯಾಗುತ್ತಾರೆ.

ಸಹಿಯೂ ಇಲ್ಲ, ಚೆಕ್ಕೂ ಇಲ್ಲ, ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗಿದ್ದಾರೆ ಎಂದಾದರೆ? ಬಾಡಿಗೆ ಕರಾರು, ಪಾಸ್‌ಬುಕ್ ಅಥವಾ ಬ್ಯಾಂಕ್ ಸ್ಟೇಟ್‌ಮೆಂಟ್, ವಾಟ್ಸ್ಆ್ಯಪ್ ಸಂದೇಶಗಳನ್ನು ಒಟ್ಟುಮಾಡಿ. ಸಂದೇಶಗಳ ಮುದ್ರಿತ ಪ್ರತಿಯನ್ನು ಸಾಕ್ಷ್ಯವಾಗಿ ಹಾಜರುಪಡಿಸಲು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಕರಾರಿಗೆ ಮುದ್ರಾಂಕ ಕಡಿಮೆ ಬಿದ್ದಿದ್ದರೆ ಕೊರತೆಯ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟಿದ ಮೇಲಷ್ಟೇ ಕೋರ್ಟು ಅದನ್ನು ಸಾಕ್ಷ್ಯವಾಗಿ ನೋಡುತ್ತದೆ. ಕರಾರು ಮಾಡುವಾಗ ಉಳಿಸಿದ ಕೆಲವು ನೂರು ರೂಪಾಯಿ ಹೀಗೆ ತಿರುಗಿ ಬರುತ್ತದೆ.

ದಾವೆ ಹೂಡುವ ಮುನ್ನ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವ್ಯಾಜ್ಯಪೂರ್ವ ಅರ್ಜಿ ಹಾಕಿ ಲೋಕ ಅದಾಲತ್ತಿಗೆ ಕರೆಸುವುದು ಒಳ್ಳೆಯದು. ಅಲ್ಲಿ ರಾಜಿಯಾದರೆ ಆ ತೀರ್ಪಿಗೆ ಡಿಕ್ರಿಯ, ಅಂದರೆ ಸಿವಿಲ್ ಕೋರ್ಟಿನ ತೀರ್ಪಿನ ಆದೇಶದ ಬಲವೇ ಇರುತ್ತದೆ, ಅದರ ಮೇಲೆ ಮೇಲ್ಮನವಿಯಿಲ್ಲ. ವಿಚಾರಿಸಲು ಉಚಿತ ಸಹಾಯವಾಣಿ 15100. ದಾವೆಯೇ ಆಗಬೇಕೆಂದರೆ ಎದುರಿಗಿರುವುದು ಸಿವಿಲ್ ಪ್ರಕ್ರಿಯಾ ಸಂಹಿತೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗಳಿಗೆ ಅನ್ವಯಿಸುವುದೇ ಇಲ್ಲ. ಲಿಖಿತ ಕರಾರಿನಿಂದ ಬರಬೇಕಾದ ನಿಶ್ಚಿತ ಮೊತ್ತಕ್ಕೆ ಸಂಹಿತೆಯ ಆದೇಶ 37ರ ಸಂಕ್ಷಿಪ್ತ ದಾವೆ ಹಾಕಬಹುದು. ಅದರಲ್ಲಿ ಪ್ರತಿವಾದಿ ಸಮನ್ಸ್ ತಲುಪಿದ ಹತ್ತು ದಿನದೊಳಗೆ ಹಾಜರಾಗಬೇಕು, ಆಮೇಲೆ ಪ್ರತಿವಾದ ಮಾಡಲು ಕೋರ್ಟಿನ ಅನುಮತಿ ಕೇಳಬೇಕು.

ಆದೇಶ 2ರ 2ನೇ ನಿಯಮ ಅನೇಕರನ್ನು ಕೆಡವಿದೆ. ಸಂಹಿತೆ ಕೊಡುವ ಉದಾಹರಣೆಯೇ ಬಾಡಿಗೆಯದು: 1905, 1906, 1907ರ ಬಾಡಿಗೆ ಬಾಕಿಯಿದ್ದು, 1908ರಲ್ಲಿ 1906ರದ್ದಕ್ಕೆ ಮಾತ್ರ ದಾವೆ ಹೂಡಿದರೆ ಉಳಿದೆರಡು ವರ್ಷದ್ದನ್ನು ಮುಂದೆ ಕೇಳುವಂತಿಲ್ಲ. ಕೋರ್ಟ್ ಶುಲ್ಕ ಉಳಿಸಲೆಂದು ಬಾಕಿಯನ್ನು ತುಂಡು ಮಾಡಿ ಕೇಳಬೇಡಿ. ಮನೆ ಬಿಡಿಸುವ ದಾವೆ ನಡೆದಿದ್ದರೆ ಅದರಲ್ಲೇ ಬಾಕಿಯನ್ನೂ ಸೇರಿಸಿ.

ಡಿಕ್ರಿ ಬಂದ ಮಾತ್ರಕ್ಕೆ ಹಣ ಬರುವುದಿಲ್ಲ, ಅದನ್ನು ಜಾರಿಗೊಳಿಸಿ ಎಂದು ಕೋರ್ಟಿಗೆ ಅಮಲ್ಜಾರಿ ಅರ್ಜಿ ಹಾಕಬೇಕು. ಅದಕ್ಕೆ 12 ವರ್ಷ ಅವಕಾಶವಿದೆ. ಹಿಂದೆ ಬಾಡಿಗೆ ಯಾವ ಖಾತೆಯಿಂದ ಬರುತ್ತಿತ್ತೋ ಆ ಬ್ಯಾಂಕಿನ ವಿವರ ಇಲ್ಲಿ ನೆರವಿಗೆ ಬರುತ್ತದೆ, ಆ ಖಾತೆಯನ್ನೇ ಜಪ್ತಿಗೆ ಕೇಳಬಹುದು. ಆಸ್ತಿಯ ಸುಳಿವಿಲ್ಲದಿದ್ದರೆ ಆದೇಶ 21ರ 41ನೇ ನಿಯಮದಡಿ ಸಾಲಗಾರರಿಂದಲೇ ಆಸ್ತಿಯ ವಿವರದ ಅಫಿಡವಿಟ್ ಕೇಳಬಹುದು. ಊರು ಬಿಟ್ಟು ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿದ್ದರೆ ಡಿಕ್ರಿಯನ್ನು ಅಲ್ಲಿನ ಕೋರ್ಟಿಗೆ ವರ್ಗಾಯಿಸಿಕೊಳ್ಳಬೇಕು. ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗವನ್ನು ಕಾನೂನು ಮುಟ್ಟಗೊಡುವುದಿಲ್ಲ. ಸಂಬಳ 31,000 ಇದ್ದರೆ ತಿಂಗಳಿಗೆ 10,000 ಕಡಿತವಾಗಿ ಕೋರ್ಟಿಗೆ ಬರುತ್ತದೆ. ಒಂದು ಡಿಕ್ರಿಗೆ ಒಟ್ಟು 24 ತಿಂಗಳಷ್ಟೇ ಹೀಗೆ ಹಿಡಿಯಬಹುದು. 1,08,000 ರೂಪಾಯಿಯ ಬಾಕಿ ಹನ್ನೊಂದು ತಿಂಗಳಲ್ಲಿ ತೀರುತ್ತದೆ, ಬಡ್ಡಿ ಮತ್ತು ದಾವೆಯ ಖರ್ಚಿಗೆ ಇನ್ನಷ್ಟು ತಿಂಗಳು ಉಳಿದಿರುತ್ತವೆ.